ಪಬ್ ಪಕ್ಕದಲ್ಲಿ ಮನೆ: ಇಂಗ್ಲೆಂಡಿನ ಲೈಸೆನ್ಸ್ ಕಾನೂನನ್ನು ನಾವು ಬಳಸಿಕೊಳ್ಳುವುದು ಹೇಗೆ

ನಮ್ಮ ಬೀದಿಯಲ್ಲಿ ಖಾಲಿ ಬಿದ್ದಿದ್ದ ಅಂಗಡಿಯ ಗಾಜಿನ ಮೇಲೆ ಒಂದು ದಿನ ತಿಳಿನೀಲಿ ಹಾಳೆ ಕಾಣಿಸಿತು. ಅದರ ಮುಂದೆಯೇ ದಿನಾ ಓಡಾಡಿದೆ, ಓದಲಿಲ್ಲ. ಮೂರು ತಿಂಗಳಾದ ಮೇಲೆ, ಅಲ್ಲಿ ತೆರೆದ ಬಾರ್‌ನ ಸದ್ದಿಗೆ ರಾತ್ರಿ ಒಂದೂವರೆಗೆ ಮಲಗುವ ಕೋಣೆಯ ಕಿಟಕಿ ಅದುರತೊಡಗಿದಾಗ ಆ ಹಾಳೆ ನೆನಪಾಯಿತು. ಬೆಳಿಗ್ಗೆ ಎದ್ದು ಕೌನ್ಸಿಲ್‌ಗೆ ಫೋನ್ ಮಾಡಿ ಕೂಗಾಡಿದೆ. ಆ ಕಡೆಯವರು ಸಮಾಧಾನವಾಗಿ ಮೂರೇ ಪ್ರಶ್ನೆ ಕೇಳಿದರು. ಯಾವ ದಿನ? ಎಷ್ಟು ಹೊತ್ತಿಗೆ? ಲೈಸೆನ್ಸಿನ ಯಾವ ಷರತ್ತು ಮುರಿದಿದ್ದಾರೆ? ನನ್ನ ಹತ್ತಿರ ಒಂದಕ್ಕೂ ಸರಿಯಾದ ಉತ್ತರ ಇರಲಿಲ್ಲ.

ಆ ಮೂರು ಪ್ರಶ್ನೆಗೆ ಉತ್ತರ ಹೊಂದಿಸುವುದು ಹೇಗೆ ಅನ್ನುವುದೇ ಈ ಲೇಖನ. ಇದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇರುವವರಿಗೆ ಮಾತ್ರ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಕಾನೂನು ಬೇರೆ.

ಮೊದಲು, ಯಾರ ಕೈಯಲ್ಲಿ ಏನಿದೆ

ಎಲ್ಲದರ ಬೇರು ಲೈಸೆನ್ಸಿಂಗ್ ಆಕ್ಟ್ 2003. ಅದು ಪೂರ್ತಿ ಜಾರಿಗೆ ಬಂದದ್ದು 2005ರ ನವೆಂಬರ್ 24ಕ್ಕೆ. ಅದಕ್ಕೂ ಮುಂಚೆ ಮದ್ಯದ ಲೈಸೆನ್ಸ್ ಕೊಡುತ್ತಿದ್ದವರು ಮ್ಯಾಜಿಸ್ಟ್ರೇಟ್‌ಗಳು. ಈಗ ಆ ಕೆಲಸ ಸ್ಥಳೀಯ ಕೌನ್ಸಿಲ್‌ನದು. ಪಬ್ ಅಂದರೆ ರಾತ್ರಿ 11ಕ್ಕೆ ಬಾಗಿಲು ಹಾಕಲೇಬೇಕು ಅಂತ ಇನ್ನೂ ನಂಬಿರುವವರು ಇದ್ದಾರೆ. ಹಾಗೇನಿಲ್ಲ. ಯಾವ ಜಾಗ ಎಷ್ಟು ಹೊತ್ತಿನವರೆಗೆ ಮಾರಬಹುದು ಅನ್ನುವುದು ಆಯಾ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಮದ್ಯ ಮಾರಾಟ, ಕೆಲವು ಬಗೆಯ ಮನರಂಜನೆ, ರಾತ್ರಿ 11ರಿಂದ ಬೆಳಗಿನ 5ರವರೆಗೆ ಬಿಸಿ ಊಟ ಅಥವಾ ಬಿಸಿ ಪಾನೀಯ ಮಾರುವುದು, ಇವೆಲ್ಲ ಇದೇ ಕಾನೂನಿನ ಕೆಳಗೆ ಬರುತ್ತವೆ.

ಕೌನ್ಸಿಲ್ ನೋಡುವುದು ನಾಲ್ಕು ಗುರಿಗಳನ್ನು: ಅಪರಾಧ ಮತ್ತು ಗಲಭೆ ತಡೆಯುವುದು, ಸಾರ್ವಜನಿಕರ ಸುರಕ್ಷತೆ, ಸಾರ್ವಜನಿಕ ಕಿರಿಕಿರಿ ತಡೆಯುವುದು, ಮಕ್ಕಳಿಗೆ ಹಾನಿಯಾಗದಂತೆ ಕಾಯುವುದು. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿಬಿಡಿ. ನಿಮ್ಮ ಮಾತು ಇವುಗಳಲ್ಲಿ ಒಂದಕ್ಕಾದರೂ ತಾಗಬೇಕು. ತಾಗದಿದ್ದರೆ ಅದು ಎಷ್ಟೇ ನಿಜವಾದರೂ ಲೆಕ್ಕಕ್ಕೆ ಬರುವುದಿಲ್ಲ.

ಕೌನ್ಸಿಲ್ ಒಂದೇ ಅಲ್ಲ, ಜೊತೆಗೆ ಪೊಲೀಸ್, ಅಗ್ನಿಶಾಮಕ ದಳ, ಪರಿಸರ ಆರೋಗ್ಯ ವಿಭಾಗ, ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ (ವ್ಯಾಪಾರದ ನಿಯಮ ಪಾಲನೆ ನೋಡುವ ವಿಭಾಗ), ಸಾರ್ವಜನಿಕ ಆರೋಗ್ಯ, ಮಕ್ಕಳ ರಕ್ಷಣೆ, ಹೋಮ್ ಆಫೀಸ್ ಹೀಗೆ ಒಂದು ಗುಂಪೇ ಇದೆ. ಇವರೆಲ್ಲ ಕಾನೂನಿನ ಪ್ರಕಾರ ಅಭಿಪ್ರಾಯ ಹೇಳುವ ಹಕ್ಕುಳ್ಳ ಇಲಾಖೆಗಳು. ಬೇಗ ನೆನಪಿಟ್ಟುಕೊಳ್ಳಲು ಹೀಗೆ ಹೇಳಬಹುದು. ಸದ್ದಿಗೆ ಪರಿಸರ ಆರೋಗ್ಯ ವಿಭಾಗ. ಷರತ್ತು ಮುರಿದರೆ ಲೈಸೆನ್ಸಿಂಗ್ ವಿಭಾಗ. ವಯಸ್ಸು ತುಂಬದವರಿಗೆ ಮದ್ಯ ಮಾರಿದರೆ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಅಥವಾ ಪೊಲೀಸ್. ತುರ್ತು ಬಾಗಿಲಿಗೆ ಬೀಗ ಹಾಕಿದ್ದರೆ ಅಗ್ನಿಶಾಮಕ ದಳ. ಹೊಡೆದಾಟ ನಡೀತಾ ಇದ್ದರೆ 999, ಮುಗಿದುಹೋಗಿದ್ದರೆ 101.

ಲೈಸೆನ್ಸ್ ತರಿಸಿ ಓದಿ

ಜನ ಬಿಟ್ಟುಬಿಡುವ ಹೆಜ್ಜೆ ಇದೇ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ.

ಪ್ರತಿ ಕೌನ್ಸಿಲ್ ಲೈಸೆನ್ಸ್‌ಗಳ ಸಾರ್ವಜನಿಕ ರಿಜಿಸ್ಟರ್ ಇಡಲೇಬೇಕು. ಬಹಳಷ್ಟು ಕಡೆ ಅದು ಆನ್‌ಲೈನ್‌ನಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಲೈಸೆನ್ಸಿಂಗ್ ವಿಭಾಗಕ್ಕೆ ಇಮೇಲ್ ಮಾಡಿ ಕೇಳಿ. ಲೈಸೆನ್ಸಿನ ಸಾರಾಂಶವನ್ನು ಬಾರ್‌ನೊಳಗೂ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಆದರೆ ಸಾರಾಂಶದಲ್ಲಿ ಷರತ್ತುಗಳೆಲ್ಲ ಇರುವುದಿಲ್ಲ. ನಿಮಗೆ ಬೇಕಾಗಿರುವುದು ಪೂರ್ತಿ ಲೈಸೆನ್ಸ್.

ಅದರಲ್ಲಿ ಮೊದಲು ಹೆಸರುಗಳನ್ನು ನೋಡಿ. ಲೈಸೆನ್ಸ್ ಯಾರದು, ಮದ್ಯ ಮಾರಾಟಕ್ಕೆ ಹೊಣೆ ಹೊತ್ತ ಸೂಪರ್‌ವೈಸರ್ ಯಾರು. ಆಮೇಲೆ ಗಂಟೆಗಳು. ಮದ್ಯ ಮಾರಾಟ ನಿಲ್ಲುವ ಹೊತ್ತು ಬೇರೆ, ಬಾಗಿಲು ಮುಚ್ಚುವ ಹೊತ್ತು ಬೇರೆ ಇರಬಹುದು. ಕೊನೆಯ ಪುಟಗಳಲ್ಲಿ ಷರತ್ತುಗಳು ಇರುತ್ತವೆ. ನಿಧಾನವಾಗಿ ಓದಬೇಕಾದದ್ದು ಅವನ್ನೇ. ಕೆಲವು ಎಲ್ಲ ಕಡೆಗೂ ಕಡ್ಡಾಯ: ವಯಸ್ಸು ಕೇಳುವ ನಿಯಮ, ಕೂತು ಕುಡಿಯುವ ಜಾಗದಲ್ಲಿ ಬಿಟ್ಟಿ ನಲ್ಲಿ ನೀರು, ಕೇಳಿದರೆ ಸಣ್ಣ ಅಳತೆಯಲ್ಲಿ ಕೊಡುವುದು (ಬಿಯರ್ ಅರ್ಧ ಪಿಂಟ್, ವೈನ್ 125 ಮಿಲಿಲೀಟರ್). ಉಳಿದವು ಆ ಜಾಗಕ್ಕೆಂದೇ ಬರೆದವು. ಇಷ್ಟು ಹೊತ್ತಿನ ಮೇಲೆ ಕಿಟಕಿ ಬಾಗಿಲು ಮುಚ್ಚಿರಬೇಕು, ಹಿಂದಿನ ಅಂಗಳ ಬಳಸಬಾರದು, ಹೊರಗೆ ಸಿಗರೇಟು ಸೇದುವವರು ಇಷ್ಟೇ ಜನ ಇರಬೇಕು, ಶನಿವಾರ ಬಾಗಿಲಲ್ಲಿ ಇಷ್ಟು ಸೆಕ್ಯೂರಿಟಿ ಇರಬೇಕು, ಖಾಲಿ ಬಾಟಲಿಗಳನ್ನು ರಾತ್ರಿ ಡಬ್ಬಕ್ಕೆ ಸುರಿಯಬಾರದು. ನನ್ನ ಪಕ್ಕದ ಬಾರ್‌ನ ಲೈಸೆನ್ಸಿನಲ್ಲಿ ಕಿಟಕಿಯ ಷರತ್ತೂ ಇತ್ತು, ಬಾಟಲಿಯದೂ ಇತ್ತು. ಅವರು ಎರಡನ್ನೂ ಪಾಲಿಸುತ್ತಿರಲಿಲ್ಲ. ನನಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಷರತ್ತು ಮುರಿಯುವುದು ಚಿಕ್ಕ ವಿಷಯ ಅಲ್ಲ. ಲೈಸೆನ್ಸ್ ಮೀರಿ ವ್ಯಾಪಾರ ನಡೆಸುವುದು ಅಪರಾಧ. ಅದಕ್ಕೆ ಮಿತಿಯಿಲ್ಲದ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹಾಗಾಗಿ “ಸದ್ದು ಜಾಸ್ತಿ” ಅನ್ನುವ ದೂರಿಗಿಂತ “14ನೇ ಷರತ್ತಿನ ಪ್ರಕಾರ 11ರ ಮೇಲೆ ಕಿಟಕಿ ಮುಚ್ಚಿರಬೇಕು, ಈ ಮೂರು ದಿನ ತೆರೆದಿತ್ತು” ಅನ್ನುವ ದೂರು ಬೇಗ ಕೆಲಸ ಮಾಡುತ್ತದೆ.

ಸಂಗೀತದ ವಿಚಾರದಲ್ಲಿ ಒಂದು ತೊಡಕಿದೆ, ಹುಷಾರಾಗಿರಿ. ಲೈವ್ ಮ್ಯೂಸಿಕ್ ಆಕ್ಟ್ 2012 ಮತ್ತು ಆಮೇಲಿನ ತಿದ್ದುಪಡಿಗಳ ಪ್ರಕಾರ, ಒಳಗೇ ಕುಡಿಯಲು ಲೈಸೆನ್ಸ್ ಇರುವ ಜಾಗದಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ, 500 ಜನ ಮೀರದಿದ್ದರೆ, ಸಂಗೀತಕ್ಕೆ ಬೇರೆ ಅನುಮತಿ ಬೇಡ. ಆ ಹೊತ್ತಿನಲ್ಲಿ ಲೈಸೆನ್ಸಿನಲ್ಲಿರುವ ಸಂಗೀತದ ಷರತ್ತುಗಳೂ ಸಾಮಾನ್ಯವಾಗಿ ಲಾಗೂ ಆಗುವುದಿಲ್ಲ. ಸಂಜೆ 8 ಗಂಟೆಯ ಡ್ರಮ್ಸ್ ಬಗ್ಗೆ ಷರತ್ತು ತೋರಿಸಿ ವಾದ ಮಾಡಿದರೆ ಅವರು ನಗುತ್ತಾರೆ. ಆದರೆ ಸದ್ದು ನಿಜವಾಗಿಯೂ ಅತಿಯಾಗಿದ್ದರೆ ಎನ್ವಿರಾನ್‌ಮೆಂಟಲ್ ಪ್ರೊಟೆಕ್ಷನ್ ಆಕ್ಟ್ 1990ರ ಕೆಳಗೆ ಪರಿಸರ ಆರೋಗ್ಯ ವಿಭಾಗ ಸದ್ದು ನಿಲ್ಲಿಸುವ ನೋಟಿಸ್ ಕೊಡಬಹುದು. ಅದಕ್ಕೆ ಗಂಟೆಯ ಹಂಗಿಲ್ಲ. ಮುಂದೆ ರಿವ್ಯೂ (ಲೈಸೆನ್ಸಿನ ಮರುಪರಿಶೀಲನೆ) ನಡೆದರೆ ಆ ಸಂಗೀತದ ಷರತ್ತುಗಳಿಗೆ ಕೌನ್ಸಿಲ್ ಮತ್ತೆ ಜೀವ ಕೊಡಲೂಬಹುದು.

ಡೈರಿ ಬರೆಯಲು ಶುರು ಮಾಡಿ

ಒಂದು ಹಳೇ ನೋಟ್‌ಬುಕ್ ಸಾಕು. ತಾರೀಕು, ಶುರುವಾದ ಹೊತ್ತು, ನಿಂತ ಹೊತ್ತು, ಏನಾಯಿತು, ನೀವು ಎಲ್ಲಿದ್ದಿರಿ, ನಿಮಗೇನು ತೊಂದರೆಯಾಯಿತು. “ಬಹಳ ಸದ್ದು” ಅಂತ ಬರೆಯಬೇಡಿ. “ಕಿಟಕಿ ಮುಚ್ಚಿದ್ದರೂ ಹಾಡಿನ ಪದಗಳು ಕೇಳುತ್ತಿದ್ದವು, ಮಗು 12.40ಕ್ಕೆ ಎದ್ದಿತು, 2.10ರವರೆಗೆ ಮಲಗಲಿಲ್ಲ” ಅಂತ ಬರೆಯಿರಿ. ಸದ್ದಿಲ್ಲದ ರಾತ್ರಿಗಳನ್ನೂ ಗುರುತು ಹಾಕಿ. ಎಲ್ಲ ರಾತ್ರಿಯೂ ಕೆಟ್ಟದ್ದೇ ಅಂತ ಬರೆದ ಡೈರಿಯನ್ನು ಯಾರೂ ನಂಬುವುದಿಲ್ಲ. ಪ್ರತಿ ಸಲ ದೂರು ಕೊಟ್ಟಾಗಲೂ ರೆಫರೆನ್ಸ್ ನಂಬರ್ ಕೇಳಿ ಪಕ್ಕದಲ್ಲೇ ಬರೆದಿಡಿ.

ಫೋನಿನಲ್ಲಿ ರೆಕಾರ್ಡ್ ಮಾಡಿದ ಸದ್ದಿಗೆ ಬೆಲೆ ಕಡಿಮೆ. ಅಧಿಕಾರಿ ಬಂದು ನಿಮ್ಮ ಮನೆಯೊಳಗೆ ನಿಂತು ಕೇಳಿಸಿಕೊಂಡರೆ ಅದರ ತೂಕವೇ ಬೇರೆ. ಹಾಗಾಗಿ ಯಾವ ವಾರ, ಯಾವ ಹೊತ್ತಿಗೆ ಬಂದರೆ ಸದ್ದು ಸಿಗುತ್ತದೆ ಅಂತ ಡೈರಿ ನೋಡಿ ಅವರಿಗೆ ಹೇಳಿ.

ಈ ನಡುವೆ ಒಮ್ಮೆ ಹಗಲು ಹೊತ್ತಿನಲ್ಲಿ ಹೋಗಿ ಮ್ಯಾನೇಜರ್ ಜೊತೆ ಮಾತಾಡಿ. ಶನಿವಾರ ರಾತ್ರಿ ಬೇಡ, ಮಂಗಳವಾರ ಮಧ್ಯಾಹ್ನ ಹೋಗಿ. ಬಾರ್ ನಡೆಸುವವರಿಗೂ ಲೈಸೆನ್ಸ್ ಅಂದರೆ ಹೊಟ್ಟೆಪಾಡು, ಅದನ್ನು ಕಳೆದುಕೊಳ್ಳಲು ಯಾರೂ ಬಯಸುವುದಿಲ್ಲ. ಸ್ಪೀಕರನ್ನು ಬೇರೆ ಗೋಡೆಗೆ ತಿರುಗಿಸಿದ್ದಕ್ಕೇ ಎಷ್ಟೋ ಜಗಳ ಮುಗಿದಿವೆ. ಮಾತಾಡಿದ್ದನ್ನೂ ಡೈರಿಯಲ್ಲಿ ಬರೆಯಿರಿ.

ನೀಲಿ ಹಾಳೆ ಕಂಡ ದಿನ

ಹೊಸ ಲೈಸೆನ್ಸಿಗೆ ಅರ್ಜಿ ಹಾಕಿದವರು ತಿಳಿನೀಲಿ ಬಣ್ಣದ ನೋಟಿಸನ್ನು ಆ ಜಾಗದ ಹೊರಗೆ ಓದಲು ಬರುವಂತೆ ಅಂಟಿಸಬೇಕು, ಸ್ಥಳೀಯ ಪತ್ರಿಕೆಯಲ್ಲೂ ಹಾಕಿಸಬೇಕು. ಕೌನ್ಸಿಲ್‌ಗೆ ಅರ್ಜಿ ಕೊಟ್ಟ ಮಾರನೇ ದಿನದಿಂದ 28 ದಿನ ಅಭಿಪ್ರಾಯ ಹೇಳಲು ಅವಕಾಶ. ಕೊನೆಯ ದಿನಾಂಕ ನೋಟಿಸಿನಲ್ಲೇ ಇರುತ್ತದೆ. ಒಂದು ಫೋಟೋ ತೆಗೆದುಕೊಳ್ಳಿ. ಬಿಳಿ ಹಾಳೆ ಕಂಡರೆ ಅದು ಲೈಸೆನ್ಸಿನಲ್ಲಿ ಚಿಕ್ಕ ಬದಲಾವಣೆಗೆ ಹಾಕಿದ ಅರ್ಜಿ. ಅದಕ್ಕೆ ಸಿಗುವುದು 10 ಕೆಲಸದ ದಿನ ಮಾತ್ರ.

ಈಗ ಇಡೀ ಲೇಖನದ ಮುಖ್ಯ ಮಾತು. ಸರಿಯಾದ ಅಭಿಪ್ರಾಯ ಪತ್ರ ಒಂದೂ ಬರದಿದ್ದರೆ ಕೌನ್ಸಿಲ್ ಲೈಸೆನ್ಸ್ ಕೊಡಲೇಬೇಕು. ಕೌನ್ಸಿಲರ್‌ಗಳಿಗೆ ಇಷ್ಟವಿಲ್ಲದಿದ್ದರೂ ಸರಿ, ಆ ಬೀದಿಯಲ್ಲಿ ಈಗಾಗಲೇ ಬಾರ್‌ಗಳು ತುಂಬಿ ತುಳುಕುತ್ತಿವೆ ಅಂತ ಅವರ ನೀತಿಯಲ್ಲೇ ಬರೆದಿದ್ದರೂ ಸರಿ. ಯಾರೂ ಬರೆಯಲಿಲ್ಲ ಅಂದರೆ ವಿಚಾರಣೆಯೇ ಇಲ್ಲ. ನಮ್ಮ ಬೀದಿಯಲ್ಲಿ ಆದದ್ದು ಅದೇ.

ಬರೆಯಲು ಪಕ್ಕದ ಮನೆಯವರೇ ಆಗಬೇಕಿಲ್ಲ. ಹತ್ತಿರ ವಾಸವಿರಬೇಕು ಅನ್ನುವ ನಿಯಮವನ್ನು 2012ರಲ್ಲಿ ತೆಗೆದುಹಾಕಿದರು. ದುಡ್ಡು ಕೊಡಬೇಕಿಲ್ಲ, ವಕೀಲರೂ ಬೇಡ. ಬೇಕಿದ್ದರೆ ಬೆಂಬಲಿಸಿಯೂ ಬರೆಯಬಹುದು.

ಪತ್ರದಲ್ಲಿ ಏನು ಬೇಡ ಅಂತ ಮೊದಲು ಹೇಳಿಬಿಡುತ್ತೇನೆ. ಕುಡಿಯುವುದು ಕೆಟ್ಟದ್ದು, ನಮ್ಮ ಏರಿಯಾಕ್ಕೆ ಇನ್ನೊಂದು ಬಾರ್ ಬೇಕಾಗಿಲ್ಲ, ಮನೆಯ ಬೆಲೆ ಇಳಿಯುತ್ತದೆ, ನನ್ನ ಅಂಗಡಿಗೆ ಪೈಪೋಟಿಯಾಗುತ್ತದೆ. ಇವು ಯಾವುವೂ ಆ ನಾಲ್ಕು ಗುರಿಗಳಿಗೆ ತಾಗುವುದಿಲ್ಲ. ಕಟ್ಟಡದ ಬಳಕೆ ಬದಲಾಯಿಸುವ ವಿಚಾರ ಪ್ಲಾನಿಂಗ್ ವಿಭಾಗದ್ದು, ಅದಕ್ಕೆ ಬೇರೆ ಅರ್ಜಿ, ಬೇರೆ ಗಡುವು.

ಬೇಕಾದದ್ದು ಇಂಥದ್ದು: “ನನ್ನ ಮಲಗುವ ಕೋಣೆ ಈ ಕಟ್ಟಡದ ಹಿಂದಿನ ಅಂಗಳಕ್ಕೆ ಎದುರಾಗಿ, ಸುಮಾರು 12 ಮೀಟರ್ ದೂರದಲ್ಲಿದೆ. ಅಂಗಳವನ್ನು ರಾತ್ರಿ 1ರವರೆಗೆ ಬಳಸಿದರೆ ಮಾತಿನ ಸದ್ದು ನೇರವಾಗಿ ಒಳಗೆ ಬರುತ್ತದೆ. ಸಾರ್ವಜನಿಕ ಕಿರಿಕಿರಿ ತಡೆಯುವ ಗುರಿಗೆ ಇದು ಅಡ್ಡಿ. ಅಂಗಳವನ್ನು 10ಕ್ಕೆ ಮುಚ್ಚುವ ಷರತ್ತು ಹಾಕಬೇಕೆಂದು ಕೇಳುತ್ತೇನೆ.” ಎಲ್ಲಿ, ಏನು, ಯಾವ ಗುರಿ, ಏನು ಪರಿಹಾರ, ಅಷ್ಟೇ. ಪರಿಹಾರ ಕೇಳುವುದನ್ನು ಮರೆಯಬೇಡಿ. ಪೂರ್ತಿ ಬೇಡ ಅನ್ನುವವರಿಗಿಂತ ಇಂಥ ಷರತ್ತು ಹಾಕಿ ಅನ್ನುವವರಿಗೆ ಗೆಲುವು ಸಿಗುವುದು ಜಾಸ್ತಿ.

ಬೀದಿಯವರೆಲ್ಲ ಒಂದೇ ಪತ್ರಕ್ಕೆ ಸಹಿ ಹಾಕುವ ಬದಲು ಒಬ್ಬೊಬ್ಬರೂ ತಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆದರೆ ಒಳ್ಳೆಯದು. ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ನಿಮ್ಮ ಹೆಸರು, ವಿಳಾಸ ಅರ್ಜಿದಾರರಿಗೆ ಹೋಗುತ್ತವೆ. ನಿಜವಾದ ಬೆದರಿಕೆಯ ಭಯ ಇದ್ದರೆ ಮುಚ್ಚಿಡಲು ಕೇಳಬಹುದು, ಆದರೆ ಅದು ಅಪರೂಪಕ್ಕೆ ಮಾತ್ರ. ಹೆದರಿಕೆ ಇದ್ದವರು ತಮ್ಮ ಕೌನ್ಸಿಲರ್ ಮೂಲಕವೋ ಪರಿಸರ ಆರೋಗ್ಯ ಅಧಿಕಾರಿಯ ಮೂಲಕವೋ ವಿಷಯ ಎತ್ತಬಹುದು.

ವಿಚಾರಣೆ

ಪತ್ರಗಳು ಬಂದವು, ರಾಜಿ ಆಗಲಿಲ್ಲ ಅಂದರೆ ಆ ಗಡುವು ಮುಗಿದ ಮೇಲೆ 20 ಕೆಲಸದ ದಿನಗಳೊಳಗೆ ವಿಚಾರಣೆ. ಮೂವರು ಕೌನ್ಸಿಲರ್‌ಗಳು ಕೂತಿರುತ್ತಾರೆ. ಕೋರ್ಟಿನ ಹಾಗೆ ಕಂಡರೂ ಕೋರ್ಟಲ್ಲ. ಎಲ್ಲ ಕಡೆಯವರಿಗೂ ಮಾತಾಡಲು ಸಮಾನ ಸಮಯ, ಅದು ಐದೇ ನಿಮಿಷ ಇದ್ದರೂ ಇರಬಹುದು. ಹೊಸ ಫೋಟೋ, ಹೊಸ ಕಾಗದ ಆ ದಿನ ತೆಗೆದರೆ ಎಲ್ಲರೂ ಒಪ್ಪಿದರೆ ಮಾತ್ರ ನೋಡುತ್ತಾರೆ. ಹಾಗಾಗಿ ಎಲ್ಲವನ್ನೂ ಮುಂಚೆಯೇ ಕಳಿಸಿ.

ಎದುರಿನವರ ವಕೀಲರು ಸಾಮಾನ್ಯವಾಗಿ ಒಂದು ಪ್ರಶ್ನೆ ಎತ್ತುತ್ತಾರೆ: ಪೊಲೀಸರು ಆಕ್ಷೇಪ ಮಾಡಿಲ್ಲ, ಪರಿಸರ ಆರೋಗ್ಯ ವಿಭಾಗವೂ ಮಾಡಿಲ್ಲ, ನೀವ್ಯಾಕೆ? ಗಾಬರಿಯಾಗಬೇಡಿ. ರಾತ್ರಿ ಅಲ್ಲಿ ಮಲಗುವವರು ನೀವು, ಅವರಲ್ಲ. ನಿಮ್ಮ ಡೈರಿಯ ಎರಡು ಸಾಲು ಓದಿ ಸುಮ್ನೆ ಕೂತರೂ ಸಾಕು. ನನಗೆ ಈ ಅನುಭವ ಬಂದದ್ದು ಮುಂದೆ ರಿವ್ಯೂ ಹೊತ್ತಿನಲ್ಲಿ.

ತೀರ್ಮಾನ ಒಪ್ಪಿಗೆಯಾಗದಿದ್ದರೆ ತಿಳಿಸಿದ 21 ದಿನಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಪತ್ರ ಬರೆದ ನಿಮಗೂ ಆ ಹಕ್ಕಿದೆ. ಆದರೆ ಅಲ್ಲಿ ಸೋತರೆ ಖರ್ಚು ತಲೆಗೆ ಬರಬಹುದು. ಸಲಹೆ ಕೇಳದೆ ಹೋಗಬೇಡಿ.

ಲೈಸೆನ್ಸ್ ಸಿಕ್ಕಿಬಿಟ್ಟಿದೆ, ಈಗೇನು? ರಿವ್ಯೂ

28 ದಿನ ಕಳೆದುಹೋದ ನನ್ನಂಥವರಿಗೆ ಇರುವ ದಾರಿ ಇದು. ಯಾರು ಬೇಕಾದರೂ, ಯಾವಾಗ ಬೇಕಾದರೂ, ದುಡ್ಡು ಕೊಡದೆ ಲೈಸೆನ್ಸಿನ ರಿವ್ಯೂ ಕೇಳಬಹುದು. ಕೌನ್ಸಿಲ್‌ನ ಫಾರಂ ಇರುತ್ತದೆ. ಅದರ ಪ್ರತಿಯನ್ನು ಲೈಸೆನ್ಸ್ ಇರುವವರಿಗೂ ಮೇಲೆ ಹೇಳಿದ ಇಲಾಖೆಗಳಿಗೂ ಅದೇ ದಿನ ತಲುಪಿಸಬೇಕು. ಮತ್ತೆ 28 ದಿನ, ಮತ್ತೆ ವಿಚಾರಣೆ. ಕೌನ್ಸಿಲ್ ಷರತ್ತು ಬದಲಾಯಿಸಬಹುದು, ಸಂಗೀತದಂಥ ಒಂದು ಚಟುವಟಿಕೆಯನ್ನು ಕಿತ್ತುಹಾಕಬಹುದು, ಸೂಪರ್‌ವೈಸರನ್ನು ತೆಗೆಯಬಹುದು, ಮೂರು ತಿಂಗಳವರೆಗೆ ಲೈಸೆನ್ಸ್ ಅಮಾನತು ಮಾಡಬಹುದು, ಪೂರ್ತಿ ರದ್ದೂ ಮಾಡಬಹುದು. ಏನೂ ಮಾಡದೆಯೂ ಬಿಡಬಹುದು. ಲೈಸೆನ್ಸ್ ಇರುವವರು ಮೇಲ್ಮನವಿ ಹಾಕಿದರೆ ಅದು ಮುಗಿಯುವವರೆಗೆ ಹೊಸ ತೀರ್ಮಾನ ಜಾರಿಗೆ ಬರುವುದಿಲ್ಲ. ಇದು ಬಹಳ ಬೇಸರ ತರಿಸುವ ಭಾಗ.

ಒಂದು ಕೆಟ್ಟ ರಾತ್ರಿಗೆ ರಿವ್ಯೂ ಹಾಕಬೇಡಿ. ಎರಡು ಮೂರು ತಿಂಗಳ ಡೈರಿ, ದೂರಿನ ನಂಬರ್‌ಗಳು, ಮ್ಯಾನೇಜರ್ ಜೊತೆ ಮಾತಾಡಿದ ದಾಖಲೆ ಇರಲಿ. ಅದೇ ಕಾರಣ ಹೇಳಿ ಮತ್ತೆ ಮತ್ತೆ ಹಾಕಿದರೆ ತಳ್ಳಿಹಾಕುವ ಅಧಿಕಾರ ಕೌನ್ಸಿಲ್‌ಗಿದೆ. ನಾನು ನಾಲ್ಕು ತಿಂಗಳ ಡೈರಿ ಇಟ್ಟು ರಿವ್ಯೂ ಕೇಳಿದೆ. ಬಾರ್ ಮುಚ್ಚಲಿಲ್ಲ. ಅಂಗಳ ಹತ್ತಕ್ಕೆ ಮುಚ್ಚುತ್ತದೆ, ಹಿಂದಿನ ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಬಂದಿದೆ. ನನಗೆ ಅಷ್ಟು ಸಾಕಾಗಿತ್ತು.

ಗಂಭೀರ ಅಪರಾಧ ಅಥವಾ ಗಂಭೀರ ಗಲಭೆ ಆದಾಗ ಪೊಲೀಸರಿಗೆ ಬೇರೆಯೇ ವೇಗದ ದಾರಿ ಇದೆ. ಅವರು ತುರ್ತು ರಿವ್ಯೂ ಕೇಳಿದರೆ ಕೌನ್ಸಿಲ್ 48 ಗಂಟೆಯೊಳಗೆ ತಾತ್ಕಾಲಿಕ ಕ್ರಮದ ಬಗ್ಗೆ ಯೋಚಿಸಬೇಕು. ಬಾಗಿಲು ಹಾಕಿಸುವುದೂ ಅದರಲ್ಲಿ ಸೇರುತ್ತದೆ.

ರಿವ್ಯೂ ಅಂದರೆ ಮುಚ್ಚಿಸುವುದೇ ಅಂತ ಅಂದುಕೊಂಡವರು ಲಂಡನ್ನಿನ ಬ್ರಿಕ್ಸ್‌ಟನ್ ಅಕಾಡೆಮಿಯ ಕಥೆ ನೋಡಬೇಕು. 2022ರ ಡಿಸೆಂಬರ್‌ನಲ್ಲಿ ಅಲ್ಲಿ ಒಂದು ಸಂಗೀತ ಕಾರ್ಯಕ್ರಮದ ಹೊತ್ತಿಗೆ ಬಾಗಿಲ ಬಳಿ ನೂಕುನುಗ್ಗಲಾಗಿ ಇಬ್ಬರು ಸತ್ತರು. ಒಬ್ಬರು ಪ್ರೇಕ್ಷಕಿ, ಇನ್ನೊಬ್ಬರು ಅಲ್ಲೇ ಕೆಲಸದಲ್ಲಿದ್ದ ಸೆಕ್ಯೂರಿಟಿ ಸಿಬ್ಬಂದಿ. ಲೈಸೆನ್ಸ್ ಅಮಾನತಾಯಿತು. ಪೊಲೀಸರು ಲೈಸೆನ್ಸ್ ರದ್ದು ಮಾಡಿ ಅಂದರು. 2023ರ ಸೆಪ್ಟೆಂಬರ್‌ನಲ್ಲಿ ಲ್ಯಾಂಬೆತ್ ಕೌನ್ಸಿಲ್ 77 ಷರತ್ತು ಹಾಕಿ ಮತ್ತೆ ತೆರೆಯಲು ಒಪ್ಪಿತು. ಬಾಗಿಲು ತೆರೆದದ್ದು 2024ರ ಏಪ್ರಿಲ್‌ನಲ್ಲಿ.

ಒಂದು ರಾತ್ರಿಯ ಪಾರ್ಟಿಗಳು

ಕಾಯಂ ಲೈಸೆನ್ಸ್ ಇಲ್ಲದ ಜಾಗದಲ್ಲಿ, ಅಥವಾ ಇದ್ದರೂ ಆ ದಿನ ಹೆಚ್ಚು ಹೊತ್ತು ನಡೆಸಲು, ಟೆಂಪರರಿ ಇವೆಂಟ್ ನೋಟಿಸ್ ಕೊಡುತ್ತಾರೆ. ಒಮ್ಮೆಗೆ 499 ಜನ, ಒಟ್ಟು 168 ಗಂಟೆ ಮೀರಬಾರದು. ಶುಲ್ಕ 21 ಪೌಂಡ್. ಇದಕ್ಕೆ ಆಕ್ಷೇಪ ಮಾಡಬಹುದಾದವರು ಪೊಲೀಸರು ಮತ್ತು ಪರಿಸರ ಆರೋಗ್ಯ ವಿಭಾಗ ಮಾತ್ರ, ಅದೂ ಮೂರು ಕೆಲಸದ ದಿನಗಳೊಳಗೆ. ನೆರೆಯವರಿಗೆ ಹಕ್ಕಿಲ್ಲ. ನಿಮ್ಮ ಹಳೆಯ ದೂರುಗಳು ಪರಿಸರ ಆರೋಗ್ಯದ ಫೈಲಿನಲ್ಲಿದ್ದರೆ ಅವೇ ನಿಮ್ಮ ಪರವಾಗಿ ಮಾತಾಡಬೇಕು. ನೀವೇ ಹಾಲ್ ಬಾಡಿಗೆಗೆ ಹಿಡಿದು ಹಬ್ಬ ಮಾಡಿ ಬಾರ್ ಇಡುವವರಾದರೆ ಕನಿಷ್ಠ 10 ಕೆಲಸದ ದಿನ ಮುಂಚೆ ಕೊಡಿ. ಕೊಡುವ ದಿನವನ್ನೂ ಕಾರ್ಯಕ್ರಮದ ದಿನವನ್ನೂ ಲೆಕ್ಕಕ್ಕೆ ಸೇರಿಸಬೇಡಿ.

ನೀವೇ ಹೊರಗೆ ಹೋದ ರಾತ್ರಿ

ಲೈಸೆನ್ಸ್ ಓದಿ ಅಭ್ಯಾಸವಾದ ಮೇಲೆ ಬಾರ್‌ಗೆ ಹೋದಾಗಲೂ ಕಣ್ಣು ಅತ್ತಲೇ ಹೋಗುತ್ತದೆ. ಬಾಗಿಲಲ್ಲಿ ನಿಂತವರ ಮೈಮೇಲೆ ಎಸ್‌ಐಎ ಬ್ಯಾಡ್ಜ್ ಕಾಣಬೇಕು. ಅದು ಸೆಕ್ಯೂರಿಟಿ ಇಂಡಸ್ಟ್ರಿ ಅಥಾರಿಟಿ ಕೊಡುವ ಲೈಸೆನ್ಸ್. ಅದರ ನಂಬರನ್ನು ಅವರ ಆನ್‌ಲೈನ್ ರಿಜಿಸ್ಟರ್‌ನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಬೌನ್ಸರ್ ಕೈ ಮಾಡಿದರೆ ಆ ನಂಬರ್ ನೋಡಿಟ್ಟುಕೊಳ್ಳಿ. ಈಗಾಗಲೇ ಕುಡಿದು ತೂರಾಡುತ್ತಿರುವವರಿಗೆ ಮತ್ತೆ ಮಾರುವುದು ಅಪರಾಧ ಅನ್ನುವುದು ಬಾರ್ ಸಿಬ್ಬಂದಿಗೂ ಎಷ್ಟೋ ಸಲ ಮರೆತಿರುತ್ತದೆ.

ಡೇಟ್‌ಗೆ ಬಂದವರಿಂದ ಭಯ ಅನಿಸಿದರೆ ಕೌಂಟರ್‌ಗೆ ಹೋಗಿ “ಆಂಜೆಲಾ ಇದ್ದಾರಾ” ಅಂತ ಕೇಳಬಹುದು. 2016ರಲ್ಲಿ ಲಿಂಕನ್‌ಶೈರ್‌ನಲ್ಲಿ ಶುರುವಾದ ಗುಟ್ಟಿನ ಮಾತು ಇದು. ಆದರೆ ಲೈಸೆನ್ಸಿನ ಷರತ್ತಾಗಿ ಸೇರಿದ್ದರೆ ಮಾತ್ರ ಇದು ಕಡ್ಡಾಯ, ಸಿಬ್ಬಂದಿಗೆ ತರಬೇತಿ ಇಲ್ಲದ ಕಡೆ ಅರ್ಥವಾಗದೆಯೂ ಹೋಗಬಹುದು. ಆಗ ನೇರವಾಗಿ “ನನಗೆ ಸಹಾಯ ಬೇಕು” ಅನ್ನಿ.

ಗ್ಲಾಸಿನಲ್ಲಿ ಏನೋ ಬೆರೆಸಿದ್ದಾರೆ ಅನಿಸಿದರೆ ಸಿಬ್ಬಂದಿಗೆ ಹೇಳಿ, ನಂಬಿಕೆಯ ಗೆಳೆಯರ ಜೊತೆಯಲ್ಲೇ ಇರಿ, ಸ್ಥಿತಿ ಕೆಡುತ್ತಿದ್ದರೆ 999. ಪೊಲೀಸರಿಗೆ ಬೇಗ ತಿಳಿಸಿ, ಅವರು ಮೂತ್ರ ಪರೀಕ್ಷೆ ಮಾಡಿಸಬಲ್ಲರು. ಕೆಲವು ಮಾದಕಗಳು 12 ಗಂಟೆಯಲ್ಲೇ ದೇಹದಿಂದ ಹೊರಟುಹೋಗುತ್ತವೆ. ಬೆಳಿಗ್ಗೆ ನೋಡೋಣ ಅಂತ ಮಲಗಿದರೆ ತಡವಾಗಬಹುದು.

ಒಳಗೆ ಹೋದ ಕೂಡಲೇ ಎರಡನೇ ಬಾಗಿಲು ಎಲ್ಲಿದೆ ನೋಡಿ. ಅದರ ಮುಂದೆ ಬಿಯರ್ ಡಬ್ಬಗಳನ್ನು ಪೇರಿಸಿದ್ದರೆ ಒಂದು ಫೋಟೋ, ಅಗ್ನಿಶಾಮಕ ದಳಕ್ಕೆ ಒಂದು ಇಮೇಲ್. ಮ್ಯಾಂಚೆಸ್ಟರ್ ಅರೀನಾದಲ್ಲಿ 2017ರಲ್ಲಿ 22 ಜನ ಸತ್ತ ಬಾಂಬ್ ದಾಳಿಯ ನಂತರದ ಹೋರಾಟದಿಂದ ಬಂದ ‘ಮಾರ್ಟಿನ್ಸ್ ಲಾ’ಗೆ 2025ರ ಏಪ್ರಿಲ್ 3ರಂದು ರಾಜಮುದ್ರೆ ಬಿತ್ತು. ಒಮ್ಮೆಗೆ 200 ಅಥವಾ ಹೆಚ್ಚು ಜನ ಸೇರಬಹುದಾದ ಜಾಗಗಳು ದಾಳಿ ನಡೆದರೆ ಜನರನ್ನು ಹೊರಗೆ ಕಳಿಸುವ, ಬಾಗಿಲು ಹಾಕಿ ಒಳಗೇ ಕಾಪಾಡುವ ಯೋಜನೆ ಇಟ್ಟುಕೊಳ್ಳಬೇಕು. 800 ಅಥವಾ ಹೆಚ್ಚಾದರೆ ಹೊಣೆ ಇನ್ನೂ ಜಾಸ್ತಿ. ತಯಾರಿಗೆ ಕನಿಷ್ಠ 24 ತಿಂಗಳು ಕೊಟ್ಟಿದ್ದಾರೆ. ಅಲ್ಲಿಯವರೆಗೆ ಎರಡನೇ ಬಾಗಿಲನ್ನು ನೀವೇ ಹುಡುಕಿಕೊಳ್ಳಿ.